ಭೀಮೆಯ ಎರಡು ದಂಡೆಗಳು: ದುಡಿಮೆಯ ಕಾಯಿದೆ, ಸರಕಾರದ ಹಣ ಮತ್ತು ಹೊರನಾಡ ಕನ್ನಡಿಗ

ಹೊರನಾಡ ಕನ್ನಡಿಗರನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅವರ ಸಂಘ ಸಂಸ್ಥೆಗಳ, ರಾತ್ರಿಶಾಲೆಗಳ, ಪತ್ರಿಕೆಗಳ, ಯಕ್ಷಗಾನ ಮೇಳಗಳ ಚರಿತ್ರೆಯಾಗಿ ಬೆಳೆದು ಬಂದಿದೆ. ಭಾಷೆಯ ವಿಭಾಗಗಳಲ್ಲಿ ನಡೆಯುವ ಅಧ್ಯಯನ ಹೀಗೆ ಸಂಸ್ಕೃತಿಯ ಕಡೆಗೆ ವಾಲುವುದು ಸಹಜವೇ. ಆದರೆ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಹೋದವರಲ್ಲಿ ಬಹುಪಾಲು ಜನ ಹೋದದ್ದು ಹೊಟ್ಟೆಪಾಡಿಗಾಗಿ. ಅವರು ಯಾವ ಊರಿನಿಂದ ಹೊರಟರು, ಯಾವ ವರ್ಷ ಹೊರಟರು, ಹೋದಲ್ಲಿ ನೆಲೆ ನಿಂತರೋ ಸುಗ್ಗಿಗೆ ಹಿಂದಿರುಗಿದರೋ ಎಂಬುದನ್ನು ಅವರ ಮನಸ್ಸಿನಷ್ಟೇ ಸರಕಾರಗಳ ಕಾಯಿದೆಗಳೂ ನಿರ್ಧರಿಸಿವೆ. ಈ ಕಾಯಿದೆಗಳು ಪ್ರದೇಶ ಪ್ರದೇಶಗಳ ನಡುವಣ ಆರ್ಥಿಕ ಅಂತರವನ್ನು ಕೆಲವೆಡೆ ತಗ್ಗಿಸಿವೆ, ಕೆಲವೆಡೆ ಗೊತ್ತಿಲ್ಲದೆಯೇ ಹೆಚ್ಚಿಸಿವೆ. ಅದು ಹೇಗೆಂಬುದನ್ನು ಕನ್ನಡಿಗರಿಗೆ ಪರಿಚಿತವಾದ ಒಂದು ಗಡಿಪ್ರದೇಶವನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾರ್ಮಿಕ ನೀತಿ ಎಂದರೆ ಕಾರ್ಖಾನೆಯ ಮುಷ್ಕರ, ಸಂಪು, ಒಪ್ಪಂದಗಳಷ್ಟೇ ಅಲ್ಲ. ಕನಿಷ್ಠ ಕೂಲಿಯ ದರ, ಗುತ್ತಿಗೆದಾರನ ನೋಂದಣಿ, ಭವಿಷ್ಯನಿಧಿ, ಉದ್ಯೋಗದ ಖಾತ್ರಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಸರಕಾರದ ಹಣ ವರ್ಗಾವಣೆ ಮೂರು ಮಟ್ಟಗಳಲ್ಲಿ ನಡೆಯುತ್ತದೆ: ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆ ತಾಲ್ಲೂಕುಗಳಿಗೆ, ಕೊನೆಗೆ ವ್ಯಕ್ತಿಯ ಕೈಗೆ. ಮೊದಲನೆಯದು ದುಡಿಮೆಗೆ ಬೆಲೆ ಕಟ್ಟುತ್ತದೆ, ಎರಡನೆಯದು ಉಳ್ಳ ಪ್ರದೇಶದಿಂದ ಇಲ್ಲದ ಪ್ರದೇಶಕ್ಕೆ ಹಣ ಹರಿಸುತ್ತದೆ. ಇವೆರಡೂ ಜೊತೆಗೂಡಿದರೆ ಅಸಮಾನತೆ ತಾನಾಗಿ ಕುಗ್ಗಬೇಕೆಂಬುದು ಸಾಮಾನ್ಯ ನಿರೀಕ್ಷೆ. ನಿರೀಕ್ಷೆ ಹುಸಿಯಾಗುವುದು ದುಡಿಯುವವನ ಮನೆ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದು ರಾಜ್ಯದಲ್ಲಿ ಇದ್ದಾಗ.

ಸಾಂಗ್ಲಿ ಜಿಲ್ಲೆಯ ತಾಸಗಾಂವ ತಾಲ್ಲೂಕಿನಲ್ಲಿ ವಿಸಾಪುರ ಎಂಬ ಹಳ್ಳಿಯಿದೆ. ಮಹಾರಾಷ್ಟ್ರ ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದ ವಿ. ಸ. ಪಾಗೆ ಅವರ ಪ್ರೇರಣೆಯಿಂದ 1965ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು: ಕೆಲಸ ಕೇಳಿದ ಪ್ರತಿಯೊಬ್ಬನಿಗೂ ಊರಿನ ಸುತ್ತಲೇ ಕೆಲಸ ಕೊಡುವುದು. 1972-73ರ ಭೀಕರ ಬರಗಾಲದಲ್ಲಿ ಈ ವಿಚಾರ ಇಡೀ ರಾಜ್ಯಕ್ಕೆ ವ್ಯಾಪಿಸಿತು; 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಮುಂದೆ 1977ರಲ್ಲಿ ಉದ್ಯೋಗ ಖಾತ್ರಿ ಕಾಯಿದೆ ಅಂಗೀಕಾರವಾಗಿ 1979ರ ಜನವರಿ 26ರಿಂದ ಜಾರಿಗೆ ಬಂದಿತು. ಗ್ರಾಮವಾಸಿಯಾದ ವಯಸ್ಕನು ಕೆಲಸ ಬೇಡಿದ 15 ದಿನಗಳೊಳಗೆ ಸರಕಾರ ಅವನಿಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ನೀಡಬೇಕು. ಬರಪರಿಹಾರವೆಂಬುದು ಅದುವರೆಗೆ ಸರಕಾರದ ಕರುಣೆಯಾಗಿತ್ತು. ಈ ಕಾಯಿದೆಯಿಂದ ಅದು ಕೂಲಿಕಾರನ ಹಕ್ಕಾಯಿತು.

ಇದಕ್ಕೆ ಹಣ ಎಲ್ಲಿಂದ ಬಂದಿತು ಎಂಬುದು ಮುಂಬಯಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ. 1975ರಲ್ಲಿ ಮಹಾರಾಷ್ಟ್ರ ವೃತ್ತಿ ತೆರಿಗೆಯ ಕಾಯಿದೆ ಮಾಡಿ, ಸಂಬಳದಾರರಿಂದಲೂ ವೃತ್ತಿಪರರಿಂದಲೂ ವ್ಯಾಪಾರಿಗಳಿಂದಲೂ ತೆರಿಗೆ ಎತ್ತಿ, ಅಷ್ಟೇ ಮೊತ್ತವನ್ನು ಸರಕಾರದ ಬೊಕ್ಕಸದಿಂದ ಸೇರಿಸಿ ಖಾತ್ರಿ ಯೋಜನೆಯ ನಿಧಿಯನ್ನು ಕಟ್ಟಿತು. ಸಂವಿಧಾನದ 276ನೆಯ ವಿಧಿಯಂತೆ ಈ ತೆರಿಗೆ ಆಗ ವರ್ಷಕ್ಕೆ 250 ರೂಪಾಯಿಗಳನ್ನು ಮೀರುವಂತಿರಲಿಲ್ಲ. 1988ರ ತಿದ್ದುಪಡಿಯ ನಂತರ ಮಿತಿ 2,500ಕ್ಕೆ ಏರಿತು. ಆದಾಯ ಹುಟ್ಟುವ ಮುಂಬಯಿಯಿಂದ ಮಳೆ ಕೈಕೊಟ್ಟ ಒಳನಾಡಿಗೆ ಹಣ ಹರಿಯುವ ಕಾಲುವೆ ಇದು. ಕೋಟೆ ಪ್ರದೇಶದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕನ್ನಡಿಗನ ಸಂಬಳದಿಂದ ತಿಂಗಳು ತಿಂಗಳು ಕಡಿತವಾದ ಹಣವೂ ಅದರಲ್ಲಿ ಸೇರಿತ್ತು. ಹೊರನಾಡ ಕನ್ನಡಿಗರು ನೆಲೆಸಿದ ನಾಡಿಗೆ ಏನು ಕೊಟ್ಟರು ಎಂಬ ಪ್ರಶ್ನೆ ಬಂದಾಗಲೆಲ್ಲ ಹೋಟೆಲು, ಬ್ಯಾಂಕು, ರಂಗಭೂಮಿಗಳ ಪಟ್ಟಿ ಕೊಡಲಾಗುತ್ತದೆ. ಈ ತೆರಿಗೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಈಗ ಭೀಮಾ ನದಿಯ ದಂಡೆಗೆ ಬರಬಹುದು. ಉತ್ತರಕ್ಕೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ. ದಕ್ಷಿಣಕ್ಕೆ ವಿಜಾಪುರ ಜಿಲ್ಲೆಯ ಇಂಡಿ. ಪೂರ್ವಕ್ಕೆ ಕಲಬುರಗಿಯ ಅಫಜಲಪುರ, ಪಶ್ಚಿಮಕ್ಕೆ ಸಾಂಗ್ಲಿಯ ಜತ್ತ. ನದಿಯ ಎರಡೂ ಕಡೆ ಕನ್ನಡ ಮಾತು, ಜೋಳದ ಬೆಳೆ, ಒಂದೇ ಬಗೆಯ ಮಳೆಯ ಕೊರತೆ, ಬೀಗರು ನೆಂಟರು ಕೂಡ ಎರಡೂ ಕಡೆ. ಮಹಾಜನ ಆಯೋಗದ 1967ರ ವರದಿಯಲ್ಲಿ ಜತ್ತ, ಅಕ್ಕಲಕೋಟೆಗಳ ಹೆಸರು ಬಂದಿರುವುದು ಈ ಕಾರಣದಿಂದಲೇ. ಗಡಿವಿವಾದದ ಚರ್ಚೆ ಭಾಷೆ, ಶಾಲೆ, ನಾಮಫಲಕಗಳ ಸುತ್ತ ತಿರುಗುತ್ತಿದ್ದ ವರ್ಷಗಳಲ್ಲಿ ಇನ್ನೊಂದು ಗೆರೆ ಸದ್ದಿಲ್ಲದೆ ಮೂಡಿತು. ಉತ್ತರ ದಂಡೆಯ ಕನ್ನಡ ಕೂಲಿಕಾರನಿಗೆ 1979ರಲ್ಲಿ ಕಾಯಿದೆಬದ್ಧ ಉದ್ಯೋಗ ಖಾತ್ರಿ ದೊರೆಯಿತು. ದಕ್ಷಿಣ ದಂಡೆಯ ಕೂಲಿಕಾರನಿಗೆ ಅಂಥದೊಂದು ಹಕ್ಕು ಬಂದದ್ದು ಸಂಸತ್ತು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆಯನ್ನು ಅಂಗೀಕರಿಸಿದ ಮೇಲೆ. 2006ರ ಫೆಬ್ರವರಿಯಲ್ಲಿ ಆರಂಭವಾದ ಮೊದಲ ಹಂತದ 200 ಜಿಲ್ಲೆಗಳಲ್ಲಿ ಕರ್ನಾಟಕದ ಬೀದರ, ಕಲಬುರಗಿ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಸೇರಿದ್ದವು. ವಿಜಾಪುರದ ಸರದಿ ಬಂದದ್ದು 2008ರ ಏಪ್ರಿಲ್‌ನಲ್ಲಿ. ಒಂದೇ ಹೊಳೆಯ ಎರಡು ದಂಡೆಗಳ ನಡುವೆ 29 ವರ್ಷಗಳ ಅಂತರ. ಕರ್ನಾಟಕವೂ 1976ರಲ್ಲೇ ವೃತ್ತಿ ತೆರಿಗೆಯ ಕಾಯಿದೆ ಮಾಡಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ತೆರಿಗೆ ಇತ್ತು, ಅದನ್ನು ಕೂಲಿಯ ಖಾತ್ರಿಗೆ ಕಟ್ಟಿಹಾಕುವ ಕಾಯಿದೆ ಇರಲಿಲ್ಲ.

ಹಾಗೆಂದು ಮಹಾರಾಷ್ಟ್ರದ ಯೋಜನೆಯನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ಬೇಡಿಕೆಯಿದ್ದಲ್ಲಿ ಕೆಲಸ ಎಂಬ ನಿಯಮ ಕೇಳಲು ನ್ಯಾಯವಾದದ್ದು. ಆದರೆ ಬೇಡಿಕೆ ದಾಖಲಾಗಬೇಕಾದರೆ ಅರ್ಜಿ ಬರೆಯುವವರು, ಅಂದಾಜುಪಟ್ಟಿ ಮಾಡುವ ಇಂಜಿನಿಯರು, ಒತ್ತಾಯ ತರುವ ಸಂಘಟನೆ ಬೇಕು. ಇವು ಯಾವ ಜಿಲ್ಲೆಯಲ್ಲಿ ಗಟ್ಟಿಯಾಗಿದ್ದವೋ ಆ ಜಿಲ್ಲೆ ಹೆಚ್ಚು ಹಣ ಎಳೆದುಕೊಂಡಿತು. ಅತ್ಯಂತ ಹಿಂದುಳಿದ ಜಿಲ್ಲೆಯೇ ಹೆಚ್ಚು ಪಡೆಯಿತೆಂದು ಹೇಳುವಂತಿಲ್ಲ. 1990ರಲ್ಲಿ ಯೋಜನೆಯನ್ನು ತೋಟಗಾರಿಕೆಗೆ ಜೋಡಿಸಲಾಯಿತು. ಖಾಸಗಿ ಹೊಲದಲ್ಲಿ ದಾಳಿಂಬೆ, ಬೋರೆ, ಮಾವು ನೆಡುವುದಕ್ಕೂ ಖಾತ್ರಿಯ ಕೂಲಿ ಸಂದಿತು. ಸೊಲ್ಲಾಪುರ ಸೀಮೆ ದಾಳಿಂಬೆಗೆ ಹೆಸರಾಗುವುದಕ್ಕೆ ಇದರ ನೆರವೂ ಇದೆ. ಹೊಲವುಳ್ಳವನಿಗೆ ತೋಟ ಉಳಿಯಿತು, ಹೊಲವಿಲ್ಲದವನಿಗೆ ಕೆಲವು ವಾರಗಳ ಕೂಲಿ ಉಳಿಯಿತು. ಪ್ರದೇಶಗಳ ನಡುವಣ ಅಂತರ ಕುಗ್ಗಿದರೂ ಒಂದೇ ಊರಿನೊಳಗಿನ ಅಂತರ ಹಿಗ್ಗಬಹುದೆಂಬುದಕ್ಕೆ ಇದು ಉದಾಹರಣೆ.

2006ರ ನಂತರದ ಕಥೆಯಲ್ಲಿ ಕೂಲಿಯ ದರವೇ ಮುಖ್ಯ ಪಾತ್ರ. ಕನಿಷ್ಠ ಕೂಲಿಯನ್ನು 1948ರ ಕಾಯಿದೆಯಂತೆ ರಾಜ್ಯಗಳು ನಿಗದಿಪಡಿಸುತ್ತಿದ್ದವು. ಉದ್ಯೋಗ ಖಾತ್ರಿಯ ಕೂಲಿಯನ್ನು ಕೇಂದ್ರವೇ ತೆರುವುದರಿಂದ, ರಾಜ್ಯಗಳು ತಮಗೆ ತೋಚಿದಂತೆ ದರ ಏರಿಸಿಕೊಂಡರೆ ಹೊರೆ ತನ್ನ ಮೇಲೆ ಬೀಳುವುದೆಂದು ಕೇಂದ್ರ 2009ರಲ್ಲಿ ಈ ದರವನ್ನು ಕನಿಷ್ಠ ಕೂಲಿಯಿಂದ ಬೇರ್ಪಡಿಸಿತು. ಸರಕಾರವೇ ಮಾಡಿದ ಕನಿಷ್ಠಕ್ಕಿಂತ ಕಡಿಮೆ ಕೂಲಿಯನ್ನು ಸರಕಾರವೇ ಕೊಡುವ ವಿಚಿತ್ರ ಪರಿಸ್ಥಿತಿ ಒದಗಿತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2011ರ ಸೆಪ್ಟೆಂಬರಿನಲ್ಲಿ ಕೂಲಿಕಾರರ ಪರ ತೀರ್ಪಿತ್ತಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ. ಹಾಗಿದ್ದರೂ ದರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿಯೇ ಉಳಿದವು. 2025-26ರಲ್ಲಿ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ, ಮಹಾರಾಷ್ಟ್ರದಲ್ಲಿ 312, ಬಿಹಾರದಲ್ಲಿ 255. ಭೀಮೆಯ ದಂಡೆಗಳ ಸ್ಥಾನ ಅದಲುಬದಲಾಯಿತು. ಒಮ್ಮೆ ಮುಂದಿದ್ದ ಉತ್ತರ ದಂಡೆ ಈಗ ದರದಲ್ಲಿ ಹಿಂದೆ ಬಿದ್ದಿತು. ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ದರ ಪರಿಷ್ಕರಿಸುವ ಕ್ರಮದಲ್ಲಿ ಕೆಳಗಿನಿಂದ ಹೊರಟ ರಾಜ್ಯ ಕೆಳಗೇ ಉಳಿಯುತ್ತದೆ. ಬಡ ಪ್ರದೇಶವನ್ನು ಎತ್ತಬೇಕಾದ ವರ್ಗಾವಣೆ ಅಲ್ಲಿನ ಅಗ್ಗದ ದುಡಿಮೆಯನ್ನೇ ಅಳತೆಗೋಲಾಗಿ ಒಪ್ಪಿಕೊಂಡಂತಾಯಿತು.

ದರ 370 ಆದರೂ ಕಲಬುರಗಿ, ಯಾದಗಿರಿ, ವಿಜಾಪುರಗಳ ತಾಂಡಾಗಳಿಂದ, ಹಳ್ಳಿಗಳಿಂದ ಪುಣೆ, ಮುಂಬಯಿ, ಗೋವಾ, ಹೈದರಾಬಾದುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಇದಕ್ಕೆ ಕೂಲಿಕಾರನ ಅಜ್ಞಾನವನ್ನು ಕಾರಣವಾಗಿ ಹೇಳುವವರು ಲೆಕ್ಕ ಮಾಡಿ ನೋಡಿಲ್ಲ. ಖಾತ್ರಿ ಇದ್ದದ್ದು ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ. ಕುಟುಂಬದಲ್ಲಿ ನಾಲ್ವರು ದುಡಿಯುವವರಿದ್ದರೆ ಪಾಲಿಗೆ 25 ದಿನ. ಕೂಲಿ 15 ದಿನಗಳೊಳಗೆ ಕೈಸೇರಬೇಕೆಂಬ ನಿಯಮವಿದ್ದರೂ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಮೇಸ್ತ್ರಿ ಹಾಗಲ್ಲ, ದೀಪಾವಳಿಗೆ ಮುಂಚೆಯೇ ಮುಂಗಡ ಕೊಡುತ್ತಾನೆ. ಮಗಳ ಮದುವೆಗೋ ಕೊಳವೆಬಾವಿಯ ಸಾಲಕ್ಕೋ ಒಟ್ಟಿಗೆ ಹಣ ಬೇಕಾದವನಿಗೆ ಮುಂಗಡದ ಐವತ್ತು ಸಾವಿರ ಕಾಣುತ್ತದೆಯೇ ಹೊರತು ದಿನಕ್ಕೆ 370 ಕಾಣುವುದಿಲ್ಲ. ಮುಂಗಡ ತೀರುವವರೆಗೆ ಅವನು ಕೂಲಿ ಬಿಟ್ಟುಬರಲಾರ ಎಂಬುದು ಬೇರೆ ಮಾತು.

ಕರಾವಳಿಯ ವಲಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೇ ದಕ್ಷಿಣ ಕನ್ನಡದ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಬಂದರು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಊರಿಗೆ ಹೋದದ್ದು ಮನಿಯಾರ್ಡರು. ಸರಕಾರದ ಯಾವ ಯೋಜನೆಯೂ ಅಲ್ಲದ ಈ ಖಾಸಗಿ ವರ್ಗಾವಣೆ ಕರಾವಳಿಯ ಬ್ಯಾಂಕುಗಳಿಗೆ ಠೇವಣಿಯಾಯಿತು, ಶಾಲೆಗಳಿಗೆ ಕಟ್ಟಡವಾಯಿತು. ಅದರ ಮೇಲೆ 1974ರಲ್ಲಿ ಜಾರಿಯಾದ ಭೂಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. 2001ರ ಅಂಕಿಅಂಶಗಳನ್ನು ಆಧರಿಸಿದ ಕರ್ನಾಟಕದ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಬೆಂಗಳೂರು ನಗರದ ನಂತರದ ಎರಡು ಸ್ಥಾನಗಳು ದಕ್ಷಿಣ ಕನ್ನಡಕ್ಕೂ ಉಡುಪಿಗೂ ದೊರೆತವು. ಕೊನೆಯ ಸ್ಥಾನ ರಾಯಚೂರಿಗೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಬರಿದಾದುದನ್ನು ಕನ್ನಡಾಭಿಮಾನದ ಕೊರತೆಯೆಂದು ಹಳಿಯುವುದು ರೂಢಿಯಾಗಿದೆ. ವಾಸ್ತವವಾಗಿ ಊರಿನಲ್ಲಿ ಶಾಲೆ, ಭೂಮಿ, ಬೇರೆ ಉದ್ಯೋಗಗಳು ದೊರೆತ ಮೇಲೆ ಹನ್ನೆರಡು ವರ್ಷದ ಹುಡುಗ ಲೋಟ ತೊಳೆಯಲು ಬರುವುದು ನಿಂತಿತು. ಹೋಟೆಲುಗಳಲ್ಲಿ ಬಾಲಕರ ದುಡಿಮೆಯನ್ನು ಸರಕಾರವೂ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಕನ್ನಡ ಸಂಸ್ಥೆಯೊಂದು ಮುಚ್ಚುವುದು ಯಾವಾಗಲೂ ದುಃಖದ ಸಂಗತಿಯೇ ಆಗಬೇಕಿಲ್ಲ.

ಉತ್ತರ ಕರ್ನಾಟಕದ ಗುಳೆಗೆ ಈ ಭಾಗ್ಯ ಏಕಿಲ್ಲ? ಹೋಟೆಲಿನ ಹುಡುಗನಿಗೆ ನಗರದಲ್ಲಿ ನೆಲೆಯಿತ್ತು, ಜಾತಿಯ ಸಂಘವಿತ್ತು, ಮುಂದೆ ತಾನೇ ಮಾಲೀಕನಾಗುವ ದಾರಿಯಿತ್ತು. ಕಟ್ಟಡದ ಕೆಲಸಗಾರ ಕಟ್ಟಡ ಮುಗಿದೊಡನೆ ಎದ್ದುಹೋಗುತ್ತಾನೆ. ಜೊತೆಗೆ ಮಕ್ಕಳೂ ಬಂದಿರುವುದರಿಂದ ಊರಿನ ಶಾಲೆಯೂ ತಪ್ಪುತ್ತದೆ. ಇವನಿಗಾಗಿಯೇ ಎನ್ನುವಂತೆ 1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಮಾಡಿತ್ತು. ಐವರು ಅಥವಾ ಹೆಚ್ಚು ವಲಸೆ ಕಾರ್ಮಿಕರನ್ನು ಕರೆದೊಯ್ಯುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು. ಕಾರ್ಮಿಕನಿಗೆ ಊರು ಬಿಟ್ಟದ್ದಕ್ಕಾಗಿ ತಿಂಗಳ ಕೂಲಿಯ ಅರ್ಧದಷ್ಟು ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅಷ್ಟು ಸ್ಥಳಾಂತರ ಭತ್ಯೆಯನ್ನೂ ಪ್ರಯಾಣದ ಖರ್ಚನ್ನೂ ಕೊಡಬೇಕು. ಕಾಗದದ ಮೇಲೆ ಇದು ಉದಾರವಾದ ಕಾಯಿದೆ. ಆದರೆ ಇದು ಗುತ್ತಿಗೆದಾರನ ಮೂಲಕ ಹೋದವನಿಗಷ್ಟೇ ಅನ್ವಯಿಸುತ್ತಿತ್ತು. ರಾತ್ರಿಯ ಬಸ್ಸು ಹತ್ತಿ ಪುಣೆಯ ಕೂಲಿ ಕಟ್ಟೆಯಲ್ಲಿ ಬೆಳಿಗ್ಗೆ ನಿಂತವನು ಕಾಯಿದೆಯ ಕಣ್ಣಿಗೆ ವಲಸೆಗಾರನೇ ಅಲ್ಲ. ಮೇಸ್ತ್ರಿ ಕೂಡ ಗುತ್ತಿಗೆದಾರನೆಂದು ಬರೆಸಿಕೊಳ್ಳದೆ ತಾನೂ ಒಬ್ಬ ಕೂಲಿಯೆಂದೇ ಹೇಳಿಕೊಂಡ.

ಇದಕ್ಕಿಂತ ಗಹನವಾದ ತೊಡಕು 1996ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲಿದೆ. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಉಪಕರವನ್ನು ವಸೂಲು ಮಾಡಿ ರಾಜ್ಯದ ಕಲ್ಯಾಣ ಮಂಡಲಿಯಲ್ಲಿಟ್ಟು, ಹಿಂದಿನ ವರ್ಷ 90 ದಿನ ಕಟ್ಟಡದ ಕೆಲಸ ಮಾಡಿದ ಕಾರ್ಮಿಕರನ್ನು ನೋಂದಾಯಿಸಿ ಅವರ ಪಿಂಚಣಿ, ಚಿಕಿತ್ಸೆ, ಮಕ್ಕಳ ಓದಿಗೆ ಬಳಸಬೇಕೆಂಬುದು ಅದರ ವ್ಯವಸ್ಥೆ. ಉಪಕರ ಸಂಗ್ರಹವಾಗುವುದು ಕಟ್ಟಡ ಏಳುವ ರಾಜ್ಯದಲ್ಲಿ. ಪುಣೆಯ ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಸುರಪುರದ ಕುಟುಂಬ ಇಟ್ಟಿಗೆ ಹೊತ್ತರೆ ಆ ಶೇಕಡಾ 1 ಮಹಾರಾಷ್ಟ್ರದ ಮಂಡಲಿಗೆ ಸೇರುತ್ತದೆ. ಕುಟುಂಬಕ್ಕೆ ಅಲ್ಲಿ ನೋಂದಣಿಯಾಗಲು ವಿಳಾಸದ ದಾಖಲೆ, ಮಾಲೀಕನ ಪ್ರಮಾಣಪತ್ರ, ಮರಾಠಿಯ ಅರ್ಜಿ ಬೇಕು. ಆರು ತಿಂಗಳಲ್ಲಿ ಅದು ಬೇರೆಡೆಗೆ ಹೋಗಿರುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಬಿಹಾರದವನ, ಒಡಿಶಾದವನ ಕಥೆಯೂ ಇದೇ. ಅಲ್ಲಿ ಕರ್ನಾಟಕದ ಮಂಡಲಿ ಪಡೆಯುವ ಸ್ಥಾನದಲ್ಲಿದೆ. ಬಡ ಪ್ರದೇಶದ ದುಡಿಮೆಯಿಂದ ಹುಟ್ಟಿದ ಕಲ್ಯಾಣ ನಿಧಿ ಶ್ರೀಮಂತ ಪ್ರದೇಶದಲ್ಲಿ ಉಳಿಯುವ ಈ ಏರ್ಪಾಡನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಕಾರ್ಮಿಕ ಒಂದೇ ಕಡೆ ಇರುತ್ತಾನೆಂದು ಕಾಯಿದೆ ಬರೆದವರು ಭಾವಿಸಿದ್ದರು, ಅಷ್ಟೆ.

ಮೇಲಿನ ಮಟ್ಟದ ವರ್ಗಾವಣೆಗಳಲ್ಲಿ ಇನ್ನೊಂದು ಬಗೆಯ ಕುರುಡುತನವಿದೆ. ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆಯ ಪಾಲು ಹಂಚುವಾಗ ರಾಜ್ಯದ ತಲಾ ಆದಾಯವನ್ನು ನೋಡುತ್ತದೆ. 2021-26ರ ಅವಧಿಗೆ ಶಿಫಾರಸು ಮಾಡಿದ 15ನೆಯ ಆಯೋಗ ಈ ಆದಾಯದ ಅಂತರಕ್ಕೆ ಶೇಕಡಾ 45ರಷ್ಟು ತೂಕ ಕೊಟ್ಟಿತು. ಕರ್ನಾಟಕದ ಪಾಲು ಹಿಂದಿನ ಆಯೋಗದ ಶೇಕಡಾ 4.713ರಿಂದ 3.647ಕ್ಕೆ ಇಳಿಯಿತು. ರಾಜ್ಯದ ಸರಾಸರಿಯನ್ನು ಎತ್ತಿದ್ದು ಬೆಂಗಳೂರು, ಪಾಲು ಕುಗ್ಗಿದ್ದು ಯಾದಗಿರಿಗೂ ಸೇರಿ. ರಾಜ್ಯದೊಳಗಿನ ಅಂತರವನ್ನು ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿ, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಮಹಾರಾಷ್ಟ್ರದಲ್ಲಿ ದಾಂಡೇಕರ ಸಮಿತಿ 1984ರಲ್ಲೇ ವಿದರ್ಭ, ಮರಾಠವಾಡಗಳ ಕೊರತೆಯನ್ನು ಲೆಕ್ಕಹಾಕಿತ್ತು. ಹೈದರಾಬಾದ್ ಕರ್ನಾಟಕಕ್ಕೆ 371ಜೆ ವಿಧಿ ದೊರೆತದ್ದು 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಯಿಂದ. ಅದರಿಂದ ಸರಕಾರಿ ಉದ್ಯೋಗ, ಉನ್ನತ ಶಿಕ್ಷಣಗಳಲ್ಲಿ ಮೀಸಲು ಬಂದಿತು. ಓದು ಮುಗಿಸಿದವರಿಗೆ ಅದು ದೊಡ್ಡ ನೆರವು. ಐದನೆಯ ತರಗತಿಯಲ್ಲಿ ಶಾಲೆ ಬಿಟ್ಟು ಪುಣೆಗೆ ಹೋದವನನ್ನು ಅದು ಮುಟ್ಟುವುದಿಲ್ಲ.

ವ್ಯಕ್ತಿಯ ಕೈಗೆ ಬರುವ ನೆರವಿನಲ್ಲಿ ಹಣಕ್ಕೂ ಪದಾರ್ಥಕ್ಕೂ ಭೇದವಿದೆ. 2023ರಲ್ಲಿ ಕರ್ನಾಟಕ ಆರಂಭಿಸಿದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬ್ಯಾಂಕಿನ ಖಾತೆಗೆ ಬೀಳುವುದರಿಂದ ಮುಂಬಯಿಯಲ್ಲಿ ಕಲ್ಲು ಹೊರುವವಳಿಗೂ ತಲುಪಬಲ್ಲದು; ಅದೇ ವರ್ಷದ ಶಕ್ತಿ ಯೋಜನೆಯ ಉಚಿತ ಬಸ್ಸು ರಾಜ್ಯದ ಗಡಿಗೆ ನಿಲ್ಲುತ್ತದೆ. ಪಡಿತರ ಚೀಟಿ 2019ರಿಂದ ಹಂತಹಂತವಾಗಿ ದೇಶದಲ್ಲೆಲ್ಲ ನಡೆಯುವಂತಾದರೂ, ಪರರಾಜ್ಯದಲ್ಲಿ ದೊರೆಯುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ತವರಿನ ಸರಕಾರ ಸೇರಿಸಿಕೊಡುವ ಹೆಚ್ಚಿನ ಪಾಲು ತವರಿನಲ್ಲೇ ಉಳಿಯುತ್ತದೆ.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಈ ಎಲ್ಲ ಸಂದುಗಳೂ ಒಮ್ಮೆಗೇ ಬಯಲಾದವು. ಮುಂಬಯಿಯ ಕನ್ನಡಿಗರು ಉಡುಪಿಗೂ ಕಲಬುರಗಿಗೂ ಮಂಡ್ಯದ ಕೃಷ್ಣರಾಜಪೇಟೆಗೂ ಮರಳಿದರು. ಮೇ ತಿಂಗಳ ನಡುವೆ ಕರ್ನಾಟಕವೇ ಮಹಾರಾಷ್ಟ್ರದಿಂದ ಬರುವವರ ಪ್ರವೇಶವನ್ನು ತಿಂಗಳ ಕೊನೆಯವರೆಗೆ ತಡೆಯಿತು. ಹೊರನಾಡ ಕನ್ನಡಿಗನಿಗೆ ಒಳನಾಡು ಬಾಗಿಲು ಹಾಕಿದ ಆ ದಿನಗಳ ಕಹಿಯನ್ನು ಬರೆದಿಡುವ ಕೆಲಸ ಇನ್ನೂ ಬಾಕಿಯಿದೆ. ಊರಿಗೆ ಮರಳಿದವರನ್ನು ಆ ವರ್ಷ ಸಾಕಿದ್ದರಲ್ಲಿ ಉದ್ಯೋಗ ಖಾತ್ರಿಯ ಪಾಲು ದೊಡ್ಡದು: 61,500 ಕೋಟಿಯ ಮುಂಗಡಪತ್ರದ ಮೊತ್ತಕ್ಕೆ ಕೇಂದ್ರ 40,000 ಕೋಟಿಯನ್ನು ಕೂಡಿಸಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಸ್ಥಾನಕ್ಕೆ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿತು. ಖಾತ್ರಿಯ ದಿನಗಳು 125ಕ್ಕೆ ಏರಿದವು. ಆದರೆ ಹಿಂದೆ ಕೂಲಿಯ ಪೂರ್ಣ ವೆಚ್ಚವನ್ನು ಕೇಂದ್ರವೇ ಹೊರುತ್ತಿದ್ದರೆ, ಹೊಸ ಕಾಯಿದೆಯಲ್ಲಿ ಬಹುತೇಕ ರಾಜ್ಯಗಳು ವೆಚ್ಚದ ಶೇಕಡಾ 40ನ್ನು ಹೊರಬೇಕು. ಬೊಕ್ಕಸ ತುಂಬಿದ ರಾಜ್ಯಕ್ಕೆ ಇದು ಹೊರೆ, ಬಡ ರಾಜ್ಯಕ್ಕೆ ತಡೆ. ತನ್ನ ಪಾಲು ಹಾಕಲಾಗದ ರಾಜ್ಯ ಕೇಂದ್ರದ ಪಾಲನ್ನೂ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೂ ಒಂದು ತಿಂಗಳು ಮೊದಲು, 2025ರ ನವೆಂಬರ್ 21ರಂದು, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1979ರ ಕಾಯಿದೆ ಅವುಗಳಲ್ಲೊಂದರಲ್ಲಿ ಲೀನವಾಯಿತು. ತಾನಾಗಿ ಬಸ್ಸು ಹತ್ತಿ ಬಂದವನೂ ಈಗ ವಲಸೆ ಕಾರ್ಮಿಕನೆಂದು ಗಣಿತನಾಗುತ್ತಾನೆ, ಇದು ನಿಜವಾದ ಮುನ್ನಡೆ. ಆದರೆ ಐವರಿದ್ದ ಮಿತಿ ಹತ್ತಕ್ಕೆ ಏರಿತು, ಸ್ಥಳಾಂತರ ಭತ್ಯೆ ಹೋಯಿತು. ಪಡಿತರವನ್ನು ತವರಿನಲ್ಲಿ ಅಥವಾ ದುಡಿಯುವಲ್ಲಿ ಪಡೆಯುವ ಆಯ್ಕೆ, ಕಟ್ಟಡ ಕಾರ್ಮಿಕನ ಸೌಲಭ್ಯ ರಾಜ್ಯದಿಂದ ರಾಜ್ಯಕ್ಕೆ ಅವನ ಹಿಂದೆಯೇ ಹೋಗುವ ಅವಕಾಶ, ಇವೆರಡಕ್ಕೂ ಸರಕಾರಗಳು ಯೋಜನೆ ರೂಪಿಸಬೇಕೆಂದು ಸಂಹಿತೆ ವಿಧಿಸುತ್ತದೆ. ಪುಣೆಯಲ್ಲಿ ಜಮೆಯಾದ ಉಪಕರ ಸುರಪುರದ ಕುಟುಂಬವನ್ನು ತಲುಪುವುದು ಆ ಯೋಜನೆಯಲ್ಲಿ ಎರಡು ರಾಜ್ಯಗಳ ಮಂಡಲಿಗಳು ಪರಸ್ಪರ ಲೆಕ್ಕ ತೀರಿಸಿಕೊಳ್ಳುವ ಕ್ರಮ ಹೇಗಿರುತ್ತದೆ ಎಂಬುದನ್ನು ಅವಲಂಬಿಸಿದೆ.